ಗಾಳಿಗಂಡಿಯ ಕೆಂಡ

ಹೂಂ ಅನ್ನುವವರು ಹತ್ತಿರ ಬಂದು ಕೂತುಕೊಳ್ಳಿ. ನಾನು ಹುಟ್ಟಿದ ಬೆಟ್ಟದ ಕಡೆ ಹೂಂಗುಟ್ಟುವವರಿಲ್ಲದೆ ಯಾರೂ ಕಥೆಗೆ ಬಾಯಿ ತೆರೆಯುತ್ತಿರಲಿಲ್ಲ. ಹೂಂ ಇಲ್ಲದ ಕಥೆ ದಾರಿ ತಪ್ಪಿ ಕಾಡು ಸೇರುತ್ತದೆ ಅನ್ನುತ್ತಿದ್ದರು. ಈ ಸಮುದ್ರದ ಊರಿನಲ್ಲಿ ಬೆಟ್ಟವೂ ಇಲ್ಲ, ಕಾಡೂ ಇಲ್ಲ. ತಪ್ಪಿಸಿಕೊಂಡರೆ ಕಥೆ ನೀರಿಗೇ ಬೀಳಬೇಕು. ಅದಕ್ಕೇ ಹೇಳಿದ್ದು, ಹೂಂ ಅನ್ನಿ.

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಬಯಲುಸೀಮೆಯ ಒಂದು ಪಟ್ಟಣದಲ್ಲಿ ಒಬ್ಬ ರಾಣಿ ಇದ್ದಳಂತೆ. ಅವಳ ಹೆಸರು ಚಾಗಲಾದೇವಿ. ಗಂಡ ತೀರಿಹೋದ ಮೇಲೆ ರಾಜ್ಯವನ್ನು ತಾನೇ ನೋಡಿಕೊಂಡು, ಇಬ್ಬರು ಗಂಡುಮಕ್ಕಳನ್ನು ಸಾಕಿ ಎದೆಯುದ್ದ ಬೆಳೆಸಿದ್ದಳು. ಹಿರಿಯವನು ಮಲ್ಲರಸ, ಕಿರಿಯವನು ಬೊಪ್ಪರಸ. ಇಬ್ಬರೂ ಗುಣವಂತರು, ಇಬ್ಬರೂ ಬಲವಂತರು, ಇಬ್ಬರೂ ತಾಯಿ ಹಾಕಿದ ಗೆರೆ ದಾಟದವರು. ಕೊರತೆ ಒಂದೇ. ಅಣ್ಣ ತಮ್ಮನ ಜೊತೆ ಮಾತಾಡುತ್ತಿರಲಿಲ್ಲ, ತಮ್ಮ ಅಣ್ಣನ ಜೊತೆ ಮಾತಾಡುತ್ತಿರಲಿಲ್ಲ.

ಯಾಕೆ ಅಂತೀರಾ? ಒಂದು ದಿನ ಅರಮನೆಯ ಮಾವಿನ ಮರಕ್ಕೆ ಒಂದು ಗಿಳಿ ಬಂದು ಕೂತಿತಂತೆ.

“ಎಂಥಾ ಚೆಂದದ ಗಂಡು ಗಿಳಿ!” ಅಂದ ಅಣ್ಣ.

“ಅದು ಹೆಣ್ಣು” ಅಂದ ತಮ್ಮ.

“ಗಂಡು ಅಂದರೆ ಗಂಡು.”

“ಹೆಣ್ಣು ಅಂದರೆ ಹೆಣ್ಣು.”

ಗಿಳಿ ಹಾರಿಹೋಯಿತು, ಜಗಳ ಕೊಂಬೆಯ ಮೇಲೇ ಉಳಿಯಿತು. ಆವತ್ತು ಮಾತು ಬಿಟ್ಟವರು ಮತ್ತೆ ಮಾತಾಡಲಿಲ್ಲ. ಮಾವಿನ ಮರ ಎಷ್ಟು ಸಲ ಹೂ ಬಿಟ್ಟಿತೋ, ಎಷ್ಟು ಸಲ ಕಾಯಿ ಉದುರಿಸಿತೋ! ತೀರಾ ಅಗತ್ಯ ಬಿದ್ದರೆ ಅವರು ಕಂಬಕ್ಕೆ ಹೇಳುತ್ತಿದ್ದರಂತೆ. “ಎಲೈ ಕಂಬವೇ, ಪಕ್ಕದಲ್ಲಿ ಕೂತವರಿಗೆ ಹೇಳು, ಅವರ ಉತ್ತರೀಯ ನನ್ನ ಎಲೆಯ ಮೇಲೆ ಬಿದ್ದಿದೆ.” “ಎಲೈ ಕಂಬವೇ, ಎಲೆಯನ್ನೇ ಆಚೆ ಸರಿಸಿಕೊಳ್ಳಬಹುದು ಅಂತ ಹೇಳು.” ಅರಮನೆಯ ಕಂಬಗಳಿಗೆ ಬಾಯಿ ಇದ್ದಿದ್ದರೆ ಬೇಸತ್ತು ಊರು ಬಿಡುತ್ತಿದ್ದವೋ ಏನೋ.

ರಾಣಿಗೆ ವಯಸ್ಸಾಯಿತು. ಬರುವ ಯುಗಾದಿಗೆ ರಾಜ್ಯ ಮಕ್ಕಳ ಕೈಗೆ ಕೊಡಬೇಕು. ಒಂದೇ ಪೀಠದ ಎರಡು ಕೈಹಿಡಿಯಂತೆ ಅವರು ಇರಲಿ ಅನ್ನೋದು ಅವಳ ಆಸೆ. ಮಾತೇ ಇಲ್ಲದ ಮೇಲೆ ಜೊತೆಗೆ ಆಳುವುದು ಹೇಗೆ? ಮಂತ್ರಿಗಳು ಸೇರಿ, “ತಾಯೀ, ಬೇರೆ ದಾರಿಯಿಲ್ಲ. ರಾಜ್ಯ ಎರಡು ಪಾಲು ಮಾಡೋಣ” ಅಂದರು. ಹೊಲ ಗದ್ದೆ ಅಳೆದರು, ಕೆರೆಯ ನಡುವೆ ಗೂಟ ಹೊಡೆದರು, ಕೊನೆಗೆ ಹಗ್ಗ ಹಿಡಿದುಕೊಂಡು ಪಟ್ಟದ ಆನೆಯ ಹತ್ತಿರ ಬಂದರಂತೆ. ಒಬ್ಬ ಸೊಂಡಿಲ ಕಡೆ ನಿಂತ, ಒಬ್ಬ ಬಾಲದ ಕಡೆ ನಿಂತ. ಮಧ್ಯ ಎಲ್ಲಿ ಅಂತ ಅಳೆಯುತ್ತಿದ್ದಾರೆ! ಆನೆಯ ಕಣ್ಣಲ್ಲಿ ನೀರು. ಅದನ್ನು ನೋಡಿ ರಾಣಿಯ ಕಣ್ಣಲ್ಲೂ ನೀರು.

“ನಾನು ಇನ್ನೂ ಬದುಕಿದ್ದೀನಿ. ಹಗ್ಗ ಒಳಗಿಡಿ” ಅಂದಳು.

ಆಗ ಜೇನು ಮಾರಲು ಬಂದಿದ್ದ ಬೆಟ್ಟದವನೊಬ್ಬ ಹೇಳಿದನಂತೆ. “ನಮ್ಮ ಬೆಟ್ಟದ ಮೇಲೆ ಈಚೆಕೋಡು ಅಂತ ಒಂದು ಹಳೇ ಊರದೆ ರಾಣಮ್ಮ. ಅಲ್ಲಿ ಸಂಜೆ ಬಿಟ್ಟ ಮಾತು ಬೆಳಗಾಗೋದ್ರಲ್ಲಿ ಮತ್ತೆ ಕೂಡ್ತದೆ. ರಾತ್ರಿ ದಾಟಿದ ಮುನಿಸನ್ನ ನಾನಂತೂ ಅಲ್ಲಿ ಕಂಡಿಲ್ಲ.”

ರಾಣಿ ಪಲ್ಲಕ್ಕಿ ಬೇಡ ಅಂದಳು. ಕೋಲು ಹಿಡಿದಳು, ಒಬ್ಬ ಆಳನ್ನು ಕರೆದುಕೊಂಡಳು, ಹೊರಟೇಬಿಟ್ಟಳು. ಒಂದು ಬೆಟ್ಟ ಹತ್ತಿದಳು, ಒಂದು ಬೆಟ್ಟ ಇಳಿದಳು. ಇನ್ನೊಂದು ಬೆಟ್ಟ ಹತ್ತಿದಳು, ಇನ್ನೊಂದು ಬೆಟ್ಟ ಇಳಿದಳು. ಮೂರನೆಯ ಬೆಟ್ಟದ ನೆತ್ತಿಯಲ್ಲಿ ಹುಲ್ಲು ಹೊದೆಸಿದ ಮನೆಗಳು ಕೋಳಿಮರಿಗಳ ಹಾಗೆ ಒತ್ತೊತ್ತಾಗಿ ಕೂತಿದ್ದವು. ಅದೇ ಈಚೆಕೋಡು. ಕಣಿವೆಯಾಚೆ, ಎದುರು ಬೆಟ್ಟದ ಮೇಲೆ ಅಂಥದ್ದೇ ಇನ್ನೊಂದು ಊರು, ಅದು ಆಚೆಕೋಡು. ಎರಡರ ನಡುವೆ ಒಂದು ಕಿರುದಾರಿ, ಆ ದಾರಿಯ ನಡುವೆ ಗಾಳಿಗಂಡಿ. ಹೆಸರೇ ಹೇಳುತ್ತದಲ್ಲ, ಲೋಕದ ಗಾಳಿಯೆಲ್ಲ ಆ ಸಂದಿಯಲ್ಲೇ ನುಗ್ಗಬೇಕು. ತಲೆಯ ಮೇಲಿನ ವಸ್ತ್ರ ನಿಲ್ಲದು, ಬಾಯಲ್ಲಿನ ಮಾತು ನಿಲ್ಲದು.

ಊರಿಗೆ ಹಿರಿಯಳು ದುಗ್ಗಜ್ಜಿ. ಬೆನ್ನು ಬಿಲ್ಲಿನ ಹಾಗೆ ಬಾಗಿದೆ, ನಾಲಿಗೆ ಬಾಣದ ಹಾಗೆ ನೆಟ್ಟಗಿದೆ.

“ಬಾ ರಾಣಮ್ಮ, ಕೂತ್ಕೋ. ರಾಣಿ ಅಂದ್ರೆ ಇನ್ನೂ ಎತ್ತರಕ್ಕಿರ್ತಾಳೆ ಅಂದ್ಕೊಂಡಿದ್ದೆ” ಅಂದಳು.

“ಹತ್ತೋದ್ರಲ್ಲಿ ಸವೆದುಹೋದೆ ಅಜ್ಜಿ” ಅಂದಳು ರಾಣಿ.

ಅಷ್ಟಕ್ಕೇ ಒಬ್ಬರಿಗೊಬ್ಬರು ಹಿಡಿಸಿಬಿಟ್ಟರು.

ನೋಡಲು ಬಂದವರಿಗೆ ಊರು ತೋರಿಸುವುದೆಂದರೆ ಈಚೆಕೋಡಿನವರಿಗೆ ಬಲು ಹಿಗ್ಗು. ಅಜ್ಜಿ ರಾಣಿಯನ್ನು ಕೈಹಿಡಿದು ಊರೆಲ್ಲ ಸುತ್ತಿಸಿದಳು. ಹುಲಿಯ ಜೊತೆ ಕಾದಾಡಿದವನ ವೀರಗಲ್ಲು ತೋರಿಸಿದಳು.

“ಕೊನೆಗೆ ಸತ್ತೋರು ಯಾರು, ಹುಲಿಯೋ ಇವನೋ?” ಅಂತ ರಾಣಿ ಕೇಳಿದಳು.

“ಅದ್ಯಾರಿಗೆ ಗೊತ್ತು? ಕಲ್ಲಲ್ಲಿ ನೋಡಿದ್ರೆ ಇಬ್ಬರೂ ಗಟ್ಟಿಯಾಗೇ ಅವ್ರೆ.”

ದೇವರು ಕಾಲೂರಿದ ಬಂಡೆ ತೋರಿಸಿದಳು. ಪಾದ ಯಾಕಿಷ್ಟು ಚಿಕ್ಕದು ಅಂದರೆ, “ಆಗ ದೇವ್ರಿಗೂ ಚಿಕ್ಕ ವಯಸ್ಸು” ಅಂದಳು. ಗಂಡಸರು ತಮಟೆ ಬಡಿದು ಕುಣಿದರು, ಹೆಂಗಸರು ರಾಗಿ ಬೀಸುವ ಪದ ಹೇಳಿದರು. ರಾಣಿ ಎಲ್ಲ ನೋಡಿದಳು, ಎಲ್ಲ ಮೆಚ್ಚಿದಳು. ಮನಸ್ಸು ಮಾತ್ರ ಮಕ್ಕಳ ಮೇಲೆ.

“ಅಜ್ಜಿ, ನಿಮ್ಮೂರಲ್ಲಿ ಜಗಳವೇ ಇಲ್ಲವಂತೆ. ಅದು ಹೇಗೆ?”

“ಜಗಳ ಇಲ್ವಾ? ಯಾವ ಮುಠ್ಠಾಳ ಹೇಳಿದ್ದು? ಬೇಕಾದಷ್ಟದೆ. ಅಗೋ, ಕೇಳು!”

ನಿಜ. ಪಕ್ಕದ ಬೀದಿಯಲ್ಲಿ ಚಿಕ್ಕಿ ಮತ್ತು ಮಾಳವ್ವ ಅನ್ನುವ ನಾದಿನಿ ಅತ್ತಿಗೆಯರು ಸೆರಗು ಬಿಗಿದು ನಿಂತಿದ್ದರು. ಚಿಕ್ಕಿಯ ಕೋಳಿ ಮಾಳವ್ವನ ಬುಟ್ಟಿಯಲ್ಲಿ ಮೊಟ್ಟೆ ಇಟ್ಟಿತ್ತು. ಮೊಟ್ಟೆ ಕೋಳಿಯವಳದೋ ಬುಟ್ಟಿಯವಳದೋ?

“ಇನ್ನು ನಿನ್ನ ಮುಖ ನೋಡಿದ್ರೆ ನನ್ನ ಕಣ್ಣಿಗೆ ಹುಳ ಬೀಳ್ಲಿ!” ಅಂತ ಚಿಕ್ಕಿ ಬಾಗಿಲು ಹಾಕಿಕೊಂಡಳು. ಇದು ಸಂಜೆಯ ಮಾತು.

ಹೊತ್ತು ಮುಳುಗುತ್ತಿದ್ದ ಹಾಗೆ ರಾಣಿ ಒಂದು ವಿಚಿತ್ರ ನೋಡಿದಳಂತೆ. ಮನೆಮನೆಯಲ್ಲೂ ಒಲೆಗೆ ನೀರು ಹಾಕಿ ಆರಿಸುತ್ತಿದ್ದಾರೆ. ಒಂದು ಮನೆಯಲ್ಲಿ ಮಾತ್ರ ಕೆಂಡಕ್ಕೆ ಬೂದಿ ಮುಚ್ಚಿ ಕಾಪಾಡುತ್ತಿದ್ದಾರೆ.

“ಹುಲ್ಲು ಮನೆ, ಗಾಳಿ ಬೆಟ್ಟ. ಇರುಳು ಊರಿಗೆಲ್ಲ ಒಂದೇ ಒಲೆ” ಅಂದಳು ಅಜ್ಜಿ. “ಒಂದು ದಿನ ಒಬ್ಬರ ಮನೆ ಸರದಿ, ಮಾರನೆ ದಿನ ಪಕ್ಕದ ಮನೆ ಸರದಿ. ಇವತ್ತು ಮಾಳವ್ವನದು. ಬೆಳಗಾದ್ರೆ ಎಲ್ಲರೂ ಅವಳ ಬಾಗಿಲಿಗೇ ಹೋಗ್ಬೇಕು.”

ಬೆಳಗಾಯಿತು. ಒಬ್ಬೊಬ್ಬರೂ ಕೈಯಲ್ಲಿ ಒಡೆದ ಮಡಕೆಯ ಒಂದೊಂದು ಓಡು ಹಿಡಿದುಕೊಂಡು ಮಾಳವ್ವನ ಹೊಸಿಲಿನ ಮುಂದೆ ನಿಂತರು. ಸುಮ್ಮನೆ ನಿಂತರಾಗದು. ಬಾಯಿ ಬಿಟ್ಟು, ಅಕ್ಕಾ, ಅತ್ತಿಗೇ ಅಂತ ವರಸೆ ಹಿಡಿದು ಕರೆಯಬೇಕು, ‘ಒಲೆ ಬೆಚ್ಚಗದೆಯಾ?’ ಅಂತ ಕೇಳಬೇಕು. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಎಲ್ಲರೂ ಬಂದು ಹೋದರು. ಚಿಕ್ಕಿಯ ಸುಳಿವಿಲ್ಲ. ಮಾಳವ್ವ ಒಳಗೆ ಚಡಪಡಿಸುತ್ತಿದ್ದಾಳೆ.

“ಅವಳಿಗ್ಯಾಕೆ ಚಡಪಡಿಕೆ?” ಅಂದಳು ರಾಣಿ.

“ಕೊನೇ ಮನೆಯವರು ಕೆಂಡ ಒಯ್ಯೋ ತನಕ ಕಾಯೋ ಮನೆಯವರು ತುತ್ತು ಎತ್ತೋ ಹಾಗಿಲ್ಲ. ಚಿಕ್ಕಿ ಬರ್ದಿದ್ರೆ ಚಿಕ್ಕಿಗೂ ಗಂಜಿಯಿಲ್ಲ, ಇವಳಿಗೂ ಗಂಜಿಯಿಲ್ಲ.”

ಅಷ್ಟರಲ್ಲಿ ಚಿಕ್ಕಿ ಓಡು ಹಿಡಿದು ಬಂದಳು. “ಅತ್ತಿಗೇ, ಒಲೆ ಬೆಚ್ಚಗದೆಯಾ?”

“ಬೆಚ್ಚಗದೆ. ಕಣ್ಣಿಗೆ ಹುಳ ಬೀಳ್ಲಿಲ್ವಾ?”

“ಕಣ್ಣು ಮುಚ್ಕೊಂಡೇ ಬಂದಿದೀನಿ, ಕೊಡು.”

“ಕೆಂಡ ಹಿಡ್ಕೊಂಡು ಕಣ್ಣು ಮುಚ್ಚಿದ್ರೆ ನನ್ನ ಮನೇನೇ ಸುಡ್ತೀಯ. ಕಣ್ಣು ಬಿಡು ಮಾರಾಯ್ತಿ!”

ಇಬ್ಬರಿಗೂ ನಗು ಬಂತು. ಮೊಟ್ಟೆ ಯಾರದು ಅನ್ನೋದು ತೀರ್ಮಾನವಾಗಲಿಲ್ಲ. ಇಬ್ಬರೂ ಸೇರಿ ಅದನ್ನು ಬೇಯಿಸಿಕೊಂಡು ತಿಂದರಂತೆ.

ರಾಣಿ ತೊಡೆ ತಟ್ಟಿ ಎದ್ದಳು. “ಸಿಕ್ಕಿತು ಅಜ್ಜಿ, ಸಿಕ್ಕಿತು!” ಅಂದವಳೇ ಬೆಟ್ಟ ಇಳಿದು ಓಡಿದಳು. ದುಗ್ಗಜ್ಜಿ ಹಿಂದಿನಿಂದ ಏನೋ ಕೂಗಿ ಹೇಳುತ್ತಿದ್ದಳು. ಗಾಳಿಯಲ್ಲಿ ಅದು ರಾಣಿಗೆ ಕೇಳಿಸಲಿಲ್ಲ.

ಅರಮನೆಗೆ ಬಂದು ರಾಣಿ ಅಪ್ಪಣೆ ಹೊರಡಿಸಿದಳು. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಅಡುಗೆಮನೆ. ರಾತ್ರಿ ಕಿರಿಯವನ ಒಲೆ ಆರಬೇಕು. ಬೆಳಿಗ್ಗೆ ಹಿರಿಯವನ ಮನೆಯಿಂದ ಕೆಂಡ ತರಬೇಕು. ಬೆಳಗಾಯಿತು. ಬೊಪ್ಪರಸನ ಅಡುಗೆಯವನು ಬೆಳ್ಳಿ ಬಟ್ಟಲು ಹಿಡಿದು ಹೋದ. ಮಲ್ಲರಸನ ಅಡುಗೆಯವನು ಚಿನ್ನದ ಚಿಮಟದಲ್ಲಿ ಕೆಂಡ ಕೊಟ್ಟ. ಅವನು ‘ಚೆನ್ನಾಗಿದೀರಾ?’ ಅಂದ, ಇವನು ‘ಚೆನ್ನಾಗಿದೀನಿ’ ಅಂದ. ಒಂದು ವಾರ ಕಳೆಯುವುದರಲ್ಲಿ ಅಡುಗೆಯವರಿಬ್ಬರೂ ಪ್ರಾಣಸ್ನೇಹಿತರಾದರು. ಅರಸುಮಕ್ಕಳು ಮಾತ್ರ ಕಂಬದ ಜೊತೆಗೇ ಮಾತಾಡುತ್ತಿದ್ದರು.

ಇತ್ತ ಯುಗಾದಿ ಹತ್ತಿರವಾಯಿತು. ಮಂತ್ರಿಗಳು ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದರು. ಆನೆ ಮೇವು ಬಿಟ್ಟಿತು.

ರಾಣಿ ಮಕ್ಕಳನ್ನು ಕರೆದು ಹೇಳಿದಳು. “ನನ್ನದೊಂದು ಹರಕೆ ಇದೆ. ಈಚೆಕೋಡಿನಲ್ಲಿ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ನಾವು ಮೂವರೂ ಇರಬೇಕು. ಆಳಿಲ್ಲ, ಅಡುಗೆಯವರಿಲ್ಲ. ಅವರವರ ಗುಡಿಸಲು ಅವರವರಿಗೆ, ಅವರವರ ಒಲೆ ಅವರವರಿಗೆ.”

ತಾಯಿಯ ಮಾತಿಗೆ ಎದುರಾಡದವರು, ಹೊರಟರು. ಮುಂದೆ ಅಣ್ಣ, ಹಿಂದೆ ತಮ್ಮ, ನಡುವೆ ರಾಗಿ ಚೀಲ ಹೊತ್ತ ಒಂದು ಕತ್ತೆ. “ಎಲೈ ಕತ್ತೆಯೇ, ಮುಂದೆ ಹೋಗುವವರಿಗೆ ಹೇಳು, ಸ್ವಲ್ಪ ನಿಧಾನವಾಗಿ ಹೋಗಲಿ.” “ಎಲೈ ಕತ್ತೆಯೇ, ಹಿಂದೆ ಬರುವವರಿಗೆ ಹೇಳು, ಕಾಲಿದ್ದವರು ಬೇಗ ಬರಲಿ.” ಕತ್ತೆ ಕಿವಿ ಅಲ್ಲಾಡಿಸುತ್ತಾ ನಡೆಯಿತಂತೆ.

ದುಗ್ಗಜ್ಜಿ ಹುಡುಗರನ್ನು ಮೇಲಿಂದ ಕೆಳಗೆ ನೋಡಿದಳು. ರಾಣಿಯನ್ನು ಪಕ್ಕಕ್ಕೆ ಕರೆದು, “ಆವತ್ತು ನೀನು ಓಡಿಹೋದಾಗ ಕೂಗಿದ್ದು ಕೇಳಿಸ್ತಾ?” ಅಂದಳು.

“ಇಲ್ಲ ಅಜ್ಜಿ.”

“ಹಸಿದೋರೇ ಹೋಗಿ ಕೇಳ್ಬೇಕು ಕಣಮ್ಮಾ ಅಂದೆ. ಇರಲಿ, ಈಗ ಸುಮ್ನಿದ್ದು ನೋಡು. ನೀನು ತಾಯಿ. ನಡುವೆ ಬಾಯಿ ಹಾಕಿದ್ಯೋ, ಕೆಟ್ಟಿತು.”

ರಾಣಿಗೆ ಒಂದು ಗುಡಿಸಲು, ಮಕ್ಕಳಿಗೆ ಎರಡು ಗುಡಿಸಲು ಕೊಟ್ಟರು. ಮಕ್ಕಳವು ಎದುರುಬದುರು ಬಾಗಿಲು, ನಡುವೆ ಒಂದು ಅಂಗಳ. ಬಂದ ಸಂಜೆಯೇ ಅಜ್ಜಿ, “ನೆಂಟರಿಗೆ ಮೊದಲ ಮರ್ಯಾದೆ. ಇವತ್ತು ಕೆಂಡ ಕಾಯೋ ಸರದಿ ದೊಡ್ಡರಸಂದು” ಅಂತ ಸಾರಿದಳು. ಮಲ್ಲರಸನಿಗೆ ಕೆಂಡಕ್ಕೆ ಬೂದಿ ಮುಚ್ಚುವುದನ್ನು ಹೇಳಿಕೊಟ್ಟಳು. ಕಟ್ಟಳೆಗಳನ್ನೂ ಹೇಳಿದಳು. ಕೇಳಿದವರಿಗೆ ಇಲ್ಲ ಅನ್ನಬಾರದು. ಎಲ್ಲರೂ ಒಯ್ಯುವ ತನಕ ಉಣ್ಣಬಾರದು. ಕೇಳದವರ ಮನೆಗೆ ತಾನಾಗಿ ಬೆಂಕಿ ಒಯ್ಯಬಾರದು, ಯಾಕೆಂದರೆ ಕೇಳದೆ ಬೆಂಕಿ ಬರುವುದು ಸಾವಿನ ಮನೆಗೆ ಮಾತ್ರ.

ಬೆಳಗಾಯಿತು. “ಅಣ್ಣಾ, ಒಲೆ ಬೆಚ್ಚಗದೆಯಾ?” “ಮಾವಾ, ಒಲೆ ಬೆಚ್ಚಗದೆಯಾ?” “ಕೂಸೇ, ಒಲೆ ಬೆಚ್ಚಗದೆಯಾ?” ಅಂತ ಊರೆಲ್ಲ ಬಂದು ಹೋಯಿತು. ರಾಣಿಯೂ ಓಡು ಹಿಡಿದು ಬಂದು, “ಮಗನೇ, ಒಲೆ ಬೆಚ್ಚಗದೆಯಾ?” ಅಂದಳು. ಮಲ್ಲರಸ ಎಲ್ಲರಿಗೂ ಕೊಟ್ಟ. ಬಾರದವನು ಒಬ್ಬನೇ, ಎದುರುಮನೆಯ ಬೊಪ್ಪರಸ.

ಅಲ್ಲಿ ಬೊಪ್ಪರಸ ಕಟ್ಟಳೆ ಕೇಳಿ ಮುಖ ಊದಿಸಿಕೊಂಡು ಕೂತಿದ್ದ. ವರಸೆ ಹಿಡಿದು ಕರೆಯಬೇಕಂತೆ. ಅಣ್ಣಾ ಅನ್ನಬೇಕಂತೆ. ಅನ್ನೋದಿಲ್ಲ! ಹಸಿ ಸೌತೆಕಾಯಿ ತಿಂದ. ನೆಲ್ಲಿಕಾಯಿ ತಿಂದು ನೀರು ಕುಡಿದ. ಮತ್ತೆ ಸೌತೆಕಾಯಿ ತಿಂದ. ಇಲ್ಲಿ ಮಲ್ಲರಸನಿಗೆ ಅದೂ ಇಲ್ಲ, ಬರೀ ನೀರು. ಊರಿನವರ ಮನೆಯಿಂದ ಮುದ್ದೆ ಸಾರಿನ ವಾಸನೆ ಅಂಗಳದಲ್ಲಿ ಓಡಾಡುತ್ತಿತ್ತು. ಒಮ್ಮೆ ಅಣ್ಣನ ಬಾಗಿಲಿಗೆ ಹೋಗುವುದು, ಒಮ್ಮೆ ತಮ್ಮನ ಬಾಗಿಲಿಗೆ ಹೋಗುವುದು.

“ಎಲೈ ಅಂಗಳವೇ, ಹಸಿವಾದವರು ಬಾಯಿ ಬಿಡಬಹುದು ಅಂತ ಹೇಳು” ಅಂದ ಅಣ್ಣ, ಗಾಳಿಗೆ ಕೇಳುವಷ್ಟು.

“ಎಲೈ ಅಂಗಳವೇ, ಇಲ್ಲಿ ಯಾರಿಗೂ ಹಸಿವಿಲ್ಲ ಅಂತ ಹೇಳು” ಅಂದ ತಮ್ಮ, ಸೌತೆಕಾಯಿ ಬಾಯಲ್ಲಿಟ್ಟುಕೊಂಡು.

ಊರಿನವರು ತಮ್ಮ ತಮ್ಮ ಜಗುಲಿಯಲ್ಲಿ ಕೂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ರಾಣಿಗೆ ನಗುವೂ ಬಂತು, ಅಳುವೂ ಬಂತು. ಎದ್ದು ಹೋಗಬೇಕು ಅಂದರೆ ದುಗ್ಗಜ್ಜಿ ಸೆರಗು ಹಿಡಿದು ಕೂರಿಸಿದಳು.

ಸಂಜೆಯಾಯಿತು. ಊರಿನ ಒಲೆಗಳೆಲ್ಲ ಆರಿದವು. ಕೊನೆಯವನು ಇನ್ನೂ ಕೆಂಡ ಒಯ್ದಿಲ್ಲ, ಆದ್ದರಿಂದ ಸರದಿ ಪಕ್ಕದ ಮನೆಗೆ ದಾಟುವಂತಿಲ್ಲ. ಮತ್ತೆ ಮಲ್ಲರಸನೇ ಕಾಯಬೇಕು. ಕಾದ.

ನಸುಕು ಹರಿಯುವ ಹೊತ್ತು. ಎದುರು ಗುಡಿಸಲಿನಿಂದ ನರಳಾಟ ಕೇಳಿಸಿತು. ಹಸಿ ತಿಂದರೆ ಬೊಪ್ಪನಿಗೆ ಹೊಟ್ಟೆನೋವು, ಅದು ಚಿಕ್ಕಂದಿನಿಂದಲೂ ಇದೆ. ಆಗೆಲ್ಲ ಬಟ್ಟೆ ಬಿಸಿ ಮಾಡಿ ಹೊಟ್ಟೆಗೆ ಒತ್ತುತ್ತಿದ್ದವನು ಈ ಅಣ್ಣನೇ. ಮಲ್ಲರಸ ಎದ್ದ. ಓಡಿನಲ್ಲಿ ಕೆಂಡ ಎತ್ತಿಕೊಂಡು ಅಂಗಳದ ನಡುವಿನವರೆಗೂ ಬಂದ. ಕೇಳದೆ ಬೆಂಕಿ ಬರುವುದು ಸಾವಿನ ಮನೆಗೆ ಅನ್ನುವ ಮಾತು ನೆನಪಾಯಿತು. ವಾಪಸ್ಸು ಬಂದ. ಒಲೆಯ ಮುಂದೆ ಕೂತು ಯೋಚನೆ ಮಾಡಿದ.

‘ನನ್ನ ಹತ್ತಿರ ಬೆಂಕಿ ಇರೋದರಿಂದ ತಾನೇ ಅವನು ನನ್ನನ್ನು ಕೇಳಬೇಕು? ನನ್ನ ಹತ್ತಿರವೂ ಇಲ್ಲದಿದ್ದರೆ ಅವನು ನನ್ನ ಮುಂದೆ ಕೈಯೊಡ್ಡಬೇಕಾಗಿಲ್ಲವಲ್ಲ.’

ಹೀಗಂದುಕೊಂಡವನೇ ಕೊಡ ಎತ್ತಿ ಒಲೆಗೆ ನೀರು ಸುರಿದುಬಿಟ್ಟ. ಬುಸ್ ಅಂತ ಹಬೆ ಸೂರಿಗೆ ಏರಿತು.

ಪಾಪ, ಮನಸ್ಸು ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ಇಡೀ ಊರಿಗೆ ಇದ್ದದ್ದು ಅದೊಂದೇ ಬೆಂಕಿ!

ಬೆಳಕು ಹರಿಯಿತು. ಜನ ಓಡು ಹಿಡಿದು ಬಂದು ನೋಡುತ್ತಾರೆ, ದೊಡ್ಡರಸ ಒದ್ದೆ ಬೂದಿಯ ಮುಂದೆ ಕೂತಿದ್ದಾನೆ.

“ಅಯ್ಯೋ, ಕೋಡಿನ ಬೆಂಕಿ ಆರಿತು!” ಅಂತ ಮಾಳವ್ವ ಎದೆ ಬಡಿದುಕೊಂಡಳು.

“ನಮ್ಮಜ್ಜಿಯ ಅಜ್ಜಿ ಕಾಲದಿಂದ ಆರಿರಲಿಲ್ಲ!” ಅಂದಳು ಚಿಕ್ಕಿ.

“ಆಚೆಕೋಡಿನೋರಿಗೆ ಗೊತ್ತಾದ್ರೆ ನಮ್ಮ ಮೊಮ್ಮಕ್ಕಳ ಕಾಲದ ತನಕ ಆಡ್ಕೋತಾರಲ್ಲಪ್ಪೋ!”

ಗದ್ದಲ ಕೇಳಿ ಬೊಪ್ಪರಸನೂ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದ. ಒದ್ದೆ ಒಲೆ ನೋಡಿದ, ಖಾಲಿ ಕೊಡ ನೋಡಿದ, ಅಣ್ಣನ ಮುಖ ನೋಡಿದ. ಏನೋ ಅರ್ಥವಾಯಿತು. ಬಾಯಿ ಮಾತ್ರ ಬಿಡಲಿಲ್ಲ.

ದುಗ್ಗಜ್ಜಿ ಕೋಲು ಕುಟ್ಟಿದಳು. “ಅರಚಿದ್ರೆ ಬೆಂಕಿ ಹತ್ತಲ್ಲ. ಆಚೆಕೋಡಿಗೆ ಹೋಗಿ ಕೇಳಿ ತರ್ಬೇಕು. ಹೋಗಬೇಕಾದೋರು ಇಬ್ಬರು, ಬೆಂಕಿ ಆರಿಸಿದೋನು ಒಬ್ಬ, ಬೆಂಕಿ ಕೇಳದೋನು ಒಬ್ಬ. ಹಿಂದಿನಿಂದ ಬಂದ ಕಟ್ಟಳೆ.”

ಅಂಥ ಕಟ್ಟಳೆ ಊರಿನ ಯಾರೂ ಕೇಳಿರಲಿಲ್ಲವಂತೆ. ಅಜ್ಜಿಯ ಕೋಲು ನೋಡಿ ಎಲ್ಲರೂ, “ಹೌದೌದು, ಹಿಂದಿನಿಂದ ಬಂದದ್ದೇ” ಅಂದರು.

ಬೊಪ್ಪರಸನ ಕೈಗೆ ಕೆಂಡ ತರುವ ಕುಡಿಕೆ ಕೊಟ್ಟಳು, ಮಲ್ಲರಸನ ಕೈಗೆ ಒಂದು ಕರಿಕಂಬಳಿ ಕೊಟ್ಟಳು. “ಕೆಂಡ ಹಿಡಿದೋನ ಕಣ್ಣು ಕೆಂಡದ ಮೇಲೇ ಇರಲಿ. ಕಂಬಳಿ ಹಿಡಿದೋನು ಗಾಳಿ ಬರೋ ಕಡೆ ಅಡ್ಡ ಹಿಡೀಲಿ, ದಾರಿ ನೋಡ್ಲಿ. ಗಾಳಿಗಂಡಿ ಒಬ್ಬರನ್ನ ದಾಟಿಸೋದಿಲ್ಲ, ಇಬ್ಬರನ್ನ ದಾಟಿಸ್ತದೆ. ಊರಿನ ಕೂಸುಗಳ ಗಂಜಿ ನಿಮ್ಮ ಕೈಲದೆ. ಹೋಗಿ.”

ಹೋದರು. ಆಚೆಕೋಡಿನ ಮೊದಲ ಮನೆಯಲ್ಲಿ ಜೋಗಜ್ಜ ಅನ್ನುವ ಹಲ್ಲಿಲ್ಲದ ಮುದುಕ ಕೂತಿದ್ದ. ಖಾಲಿ ಕುಡಿಕೆ ನೋಡಿದವನೇ, “ಈಚೆಕೋಡಿನ ಒಲೆ ಆರಿತಾ? ಹೇ ಹೇ ಹೇ! ಬನ್ರೋ, ಬನ್ರೋ, ನೋಡ್ರೋ!” ಅಂತ ಊರನ್ನೆಲ್ಲ ಕೂಗಿದ. ಬೊಪ್ಪರಸ ತಲೆ ತಗ್ಗಿಸಿ, “ಅಜ್ಜಾ, ಒಲೆ ಬೆಚ್ಚಗದೆಯಾ?” ಅಂದ. ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಕೊಟ್ಟ.

ಹೊರಟರು. ಅವನೂ ಮಾತಾಡಲಿಲ್ಲ, ಇವನೂ ಮಾತಾಡಲಿಲ್ಲ. ಗಾಳಿಗಂಡಿಗೆ ಬಂದರು. ಅಲ್ಲಿ ದಾರಿ ಹಾವಿನ ಹಾಗೆ ತಿರುಗುತ್ತದೆ, ತಿರುಗಿದಂತೆಲ್ಲ ಗಾಳಿ ಇನ್ನೊಂದು ಕಡೆಯಿಂದ ನುಗ್ಗುತ್ತದೆ. ಗಾಳಿ ಎಡದಿಂದ ಬಂದಾಗ ಕಂಬಳಿ ಬಲಕ್ಕಿತ್ತು. ಕೆಂಡ ಒಮ್ಮೆ ಧಗ್ ಅಂತು, ಬೂದಿಯಾಗಿ ಹಾರಿಹೋಯಿತು.

ಹಿಂದಕ್ಕೆ ಬಂದರು. ಜೋಗಜ್ಜ ನಕ್ಕು ನಕ್ಕು ಮತ್ತೆ ಕೊಟ್ಟ.

ಈ ಸಲ ಬೊಪ್ಪರಸ ಬಾಯಿ ಬಿಟ್ಟ. ಅಣ್ಣನಿಗಲ್ಲ, ಬಂಡೆಗೆ. ಗಾಳಿ ಬಲದಿಂದ ಎದ್ದದ್ದು ಕಂಡು, “ಎಲೈ ಬಂಡೆಯೇ, ಪಕ್ಕದಲ್ಲಿ ಬರುವವರಿಗೆ ಹೇಳು, ಅವರು ಹಿಡಿದಿರುವ ಕಂಬಳಿಯನ್ನು ಸ್ವಲ್ಪ ಬಲಗಡೆಗೆ...” ಅನ್ನುವಷ್ಟರಲ್ಲಿ ಗಾಳಿ ಬಂತು, ಹೋಯಿತು, ಕೆಂಡವನ್ನೂ ಒಯ್ಯಿತು. ಬಂಡೆಗೆ ಹೇಳಿ, ಬಂಡೆ ಕೇಳಿ, ಬಂಡೆ ಹೇಳುವ ತನಕ ಕಾಯಲು ಗಾಳಿಯೇನು ಅರಮನೆಯ ಆಳೇ?

ಮತ್ತೆ ಹಿಂದಕ್ಕೆ ಬಂದರು. ಜೋಗಜ್ಜ ಈಗ ನಗಲಿಲ್ಲ. “ಹೊತ್ತು ಮೇಲೇರಿತು ಮಕ್ಕಳಾ. ನಿಮ್ಮೂರಿನ ಕೂಸುಗಳು ಅಳೋದು ಇಲ್ಲಿಗೆ ಕೇಳ್ತಾ ಅದೆ” ಅಂದು, ತನ್ನ ಒಲೆಯ ದಪ್ಪ ಕೆಂಡವನ್ನೇ ಹೆಕ್ಕಿ ಹಾಕಿದ.

ಗಾಳಿಗಂಡಿ. ಮೊದಲ ತಿರುವು, ಕಂಬಳಿ ಸರಿಯಾಗಿ ಬಿತ್ತು, ದಾಟಿದರು. ಎರಡನೆಯ ತಿರುವು, ಕೆಂಡ ಮಂಕಾಯಿತು, ಹೇಗೋ ದಾಟಿದರು. ಮೂರನೆಯ ತಿರುವಿನಲ್ಲಿ ಗಾಳಿ ಆನೆಯ ಹಾಗೆ ಘೀಳಿಟ್ಟು ಬಂತು. ಬೊಪ್ಪರಸ ನೋಡುತ್ತಾನೆ, ಕುಡಿಕೆಯಲ್ಲಿ ಉಳಿದಿರುವುದು ಒಂದೇ ಒಂದು ಕಣ್ಣಿನಷ್ಟು ಕೆಂಪು. ಬಂಡೆ ನೆನಪಾಗಲಿಲ್ಲ. ಕಂಬ ನೆನಪಾಗಲಿಲ್ಲ. ಗಿಳಿಯೂ ನೆನಪಾಗಲಿಲ್ಲ.

“ಅಣ್ಣಾ! ಎಡಕ್ಕೆ!”

“ಹಿಡಿದೆ ಕಣೋ ಬೊಪ್ಪಾ! ಮುಂದೆ ಕಲ್ಲಿದೆ, ಕಾಲು ಎತ್ತಿಡು!”

“ಅಣ್ಣಾ, ಆರ್ತಾ ಇದೆ!”

“ಊದು! ಮೆತ್ತಗೆ ಊದು! ನಾನೂ ಊದ್ತೀನಿ!”

ಕರಿಕಂಬಳಿಯ ಒಳಗೆ ಎರಡು ತಲೆ ಸೇರಿಸಿಕೊಂಡು ಇಬ್ಬರೂ ಊದಿದರು. ಕಣ್ಣಿನಷ್ಟಿದ್ದ ಕೆಂಪು ಕಾಸಿನಷ್ಟಾಯಿತು, ಅಂಗೈಯಷ್ಟಾಯಿತು. ಇಬ್ಬರ ಮುಖಕ್ಕೂ ಬಿಸಿ ತಗುಲಿತು. ಮುಖವೆಲ್ಲ ಬೂದಿ. ಒಬ್ಬರ ಮುಖ ಒಬ್ಬರು ನೋಡಿದರು.

“ನೀರು ಯಾಕೆ ಸುರಿದೆ ಅಣ್ಣಾ?”

“ನೀನು ನರಳೋದು ಕೇಳಕ್ಕಾಗಲಿಲ್ಲ ಕಣೋ. ಯಾರು ಸೌತೆಕಾಯಿ ತಿನ್ನು ಅಂದೋರು ನಿಂಗೆ?”

“ನೀನೇ ಗಿಳಿ ಹೆಣ್ಣು ಅಂತ ಆವತ್ತೇ ಒಪ್ಕೊಂಡಿದ್ದರೆ ಇದೆಲ್ಲ ಆಗ್ತಿತ್ತಾ?”

“ಗಂಡನ್ನ ಹೆಣ್ಣು ಅಂತ ಹೇಗೆ ಒಪ್ಪಲಿ? ಕುತ್ತಿಗೇಲಿ ಕೆಂಪು ಉಂಗುರ ಇತ್ತು!”

“ಇರಲಿಲ್ಲ!”

“ಇತ್ತು! ಎಡಕ್ಕೆ ತಿರುಗು, ಹಳ್ಳ ಇದೆ!”

“ತಿರುಗಿದೆ. ಇರಲಿಲ್ಲ!”

ಈಚೆಕೋಡಿನ ತುದಿಬಂಡೆಯ ಮೇಲೆ ಊರೆಲ್ಲ ನಿಂತು ಕಾಯುತ್ತಿತ್ತು. ಹೊಗೆ ಕಾಣಲಿಲ್ಲ, ಕುಡಿಕೆ ಕಾಣಲಿಲ್ಲ. ಗಾಳಿಯ ಜೊತೆ ಮೊದಲು ಬಂದದ್ದು ಗಲಾಟೆ.

ಚಿಕ್ಕಿ ಗಾಬರಿಯಾದಳು. “ರಾಣಮ್ಮಾ, ನಿನ್ನ ಮಕ್ಕಳು ಜಗಳ ಆಡ್ತಾ ಬರ್ತಾ ಅವ್ರೆ!”

ರಾಣಿ ಕಿವಿಯಾನಿಸಿದಳು. ಒಬ್ಬ ‘ಗಂಡು’ ಅನ್ನುತ್ತಾನೆ, ಒಬ್ಬ ‘ಹೆಣ್ಣು’ ಅನ್ನುತ್ತಾನೆ. ಒಬ್ಬ ‘ಅಣ್ಣಾ’ ಅನ್ನುತ್ತಾನೆ, ಒಬ್ಬ ‘ಲೋ ಬೊಪ್ಪಾ’ ಅನ್ನುತ್ತಾನೆ. ಅವಳು ಬಂಡೆಯ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ಬಳಬಳ ನೀರು, ಬಾಯಲ್ಲಿ ನಗು.

“ಜಗಳ ಆಡ್ತಿದಾರೆ ಅಜ್ಜಿ! ನನ್ನ ಮಕ್ಕಳು ಬಾಯಿತುಂಬ ಜಗಳ ಆಡ್ತಿದಾರೆ!”

“ಹಂಗಾದ್ರೆ ಬೆಂಕಿ ಬಂತು ಅಂತ ಲೆಕ್ಕ” ಅಂದಳು ದುಗ್ಗಜ್ಜಿ. “ಏಳ್ರೇ, ಎಲ್ಲರೂ ಓಡು ತಗೊಳ್ರೇ.”

ಬಂದವನೇ ಬೊಪ್ಪರಸ ಕೆಂಡವನ್ನು ಅಣ್ಣನ ಒಲೆಗೆ ಸುರಿದ. ಮಲ್ಲರಸ ಒಣಹುಲ್ಲು ಇಟ್ಟ. ಉರಿ ಎದ್ದಿತು. ಊರಿನವರೆಲ್ಲ ಕೇಳಿ ಕೇಳಿ ಒಯ್ದರು, ಕೂಸುಗಳ ಗಂಜಿ ಬೆಂದಿತು. ಕೊನೆಗೆ ಬೊಪ್ಪರಸ ತನ್ನ ಗುಡಿಸಲಿಗೆ ಹೋಗಿ ಓಡು ತಂದ. ಹೊಸಿಲಿನ ಆಚೆ ನೆಟ್ಟಗೆ ನಿಂತ.

“ಅಣ್ಣಾ, ಒಲೆ ಬೆಚ್ಚಗದೆಯಾ?”

“ಬೆಚ್ಚಗದೆ, ಬಾ. ಬೇಗ ಒಯ್ಯಪ್ಪ, ನನ್ನ ಹೊಟ್ಟೆ ತಾಳ ಹಾಕ್ತಿದೆ.”

ಆವತ್ತು ಅಣ್ಣ ಮಾಡಿದ ಮುದ್ದೆ ಒಳಗೆ ಹಿಟ್ಟು, ಹೊರಗೆ ಕಲ್ಲು. ತಮ್ಮ ಮಾಡಿದ ಸಾರು ಮೇಲೆ ನೀರು, ಕೆಳಗೆ ಕಾಳು. ಅಂಗಳದ ನಡುವೆ ಎರಡನ್ನೂ ತಂದಿಟ್ಟುಕೊಂಡು, ತಾಯಿಯನ್ನೂ ದುಗ್ಗಜ್ಜಿಯನ್ನೂ ಕೂರಿಸಿಕೊಂಡು ಉಂಡರಂತೆ. ಅಂಥ ರುಚಿ ಅರಮನೆಯಲ್ಲಿ ಇರಲಿಲ್ಲ ಅಂತ ಅಣ್ಣತಮ್ಮ ಇಬ್ಬರೂ ಒಪ್ಪಿಕೊಂಡರು. ಅವರು ಒಪ್ಪಿಕೊಂಡ ಮೊದಲ ಮಾತು ಅದು. ದುಗ್ಗಜ್ಜಿ ಮಾತ್ರ ಮುದ್ದೆಯನ್ನು ಒಂದು ಕಡೆ ಕಚ್ಚಿ, ಇನ್ನೊಂದು ಕಡೆ ಕಚ್ಚಿ, “ವೀರಗಲ್ಲಿನ ಪಕ್ಕ ಇದನ್ನೂ ನಿಲ್ಲಿಸ್ಬೋದು” ಅಂದಳಂತೆ.

ಹುಣ್ಣಿಮೆ ಕಳೆದು ಊರಿಗೆ ಮರಳಿದರು. ಯುಗಾದಿಯ ದಿನ ಬಡಗಿಯನ್ನು ಕರೆಸಿ ಪೀಠವನ್ನು ಅಗಲ ಮಾಡಿಸಿದರು, ಇಬ್ಬರೂ ಒಟ್ಟಿಗೆ ಕೂತರು. ಬೆಳಿಗ್ಗೆ ಎದ್ದು ಒಂದು ಜಗಳ, ಸಂಜೆಗೆ ಒಂದು ಜಗಳ, ನಡುವೆ ಚೆಂದದ ರಾಜ್ಯಭಾರ. ಅರಮನೆಗೂ ರಾತ್ರಿ ಒಂದೇ ಒಲೆ ಇಟ್ಟರು. ಬೆಳಗಾದರೆ ಸರದಿ ಇಲ್ಲದವನು ತಾನೇ ಓಡು ಹಿಡಿದು ಇನ್ನೊಬ್ಬನ ಬಾಗಿಲಿಗೆ ಹೋಗುತ್ತಿದ್ದನಂತೆ. ಬೆಳ್ಳಿ ಬಟ್ಟಲು, ಚಿನ್ನದ ಚಿಮಟ ಅಡುಗೆಯವರಿಬ್ಬರಿಗೆ ಇನಾಮಾಗಿ ಹೋದವು. ಮಂತ್ರಿಗಳ ಹಗ್ಗದಲ್ಲಿ ರಾಣಿಗೆ ಉಯ್ಯಾಲೆ ಕಟ್ಟಿದರು. ಅದನ್ನು ತೂಗುವ ಕೆಲಸ ಪಟ್ಟದ ಆನೆಗೆ. ಅದು ಎಷ್ಟು ಖುಷಿಯಿಂದ ತೂಗುತ್ತಿತ್ತು ಅಂದರೆ, ರಾಣಿ “ಸಾಕೋ ಮಾರಾಯ, ನಾನು ಮುದುಕಿ!” ಅಂತ ಕೂಗಬೇಕಾಗುತ್ತಿತ್ತು.

ವರ್ಷಕ್ಕೊಮ್ಮೆ ತಾಯಿ ಮಕ್ಕಳು ಮೂವರೂ ಬೆಟ್ಟ ಹತ್ತಿ ಈಚೆಕೋಡಿಗೆ ಹೋಗಿ, ಸರದಿ ಕಾದು, ಕೆಂಡ ಕೇಳಿ ಬರುತ್ತಿದ್ದರಂತೆ. ಆಚೆಕೋಡಿನವರು ಈಚೆಕೋಡಿನವರನ್ನು ದಾರಿಯಲ್ಲಿ ಕಂಡರೆ ಈಗಲೂ, “ಏನಪ್ಪಾ, ಒಲೆ ಬೆಚ್ಚಗದೆಯಾ?” ಅಂತ ಕೇಳಿ ನಗುತ್ತಾರಂತೆ. ಇವರು, “ನಿಮ್ಮ ದಯೆ, ಬೆಚ್ಚಗದೆ!” ಅಂತ ಅವರಿಗಿಂತ ಜೋರಾಗಿ ನಗುತ್ತಾರಂತೆ. ಆ ಗಿಳಿ ಗಂಡೋ ಹೆಣ್ಣೋ ಅನ್ನೋದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಅವರ ಒಲೆ ಅಲ್ಲಿ ಬೆಚ್ಚಗಿದೆ, ನಮ್ಮ ಒಲೆ ಇಲ್ಲಿ ಬೆಚ್ಚಗಿದೆ. ಹೇಳಿದವಳ ಬಾಯಿ ಆರಿತು, ಕೇಳಿದವರ ಹೊಟ್ಟೆ ಹಸಿಯಿತು. ಕಥೆ ಬೆಟ್ಟ ಹತ್ತಿತು, ನಾವು ಊಟಕ್ಕೆ ಏಳೋಣ.